ಠಾಣೆಗೆ ನೆನಪಿತ್ತು

ಆಗ ಹುಡುಗನಿಗೆ ಹದಿನೈದು. ಯಾರದೋ ಅಂಗಳದಿಂದ ಒಂದು ಚೀಲ ಅಡಿಕೆ ಎತ್ತಿಕೊಂಡು ನೇರ ಮಂಡಿಗೇ ಬಂದಿದ್ದ. ಮಂಡಿಯವರು ಚೀಲಕ್ಕೆ ಕೈ ಹಾಕಿದರು, ಅಡಿಕೆ ಅರೆ ಹಸಿ. ಪೂರ್ತಿ ಒಣಗಿಸದೆ ಮಾರಲು ಬರುವ ಬೆಳೆಗಾರನನ್ನು ಯಾರು ನಂಬುತ್ತಾರೆ? ಸಿಕ್ಕಿಬಿದ್ದ.

ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಯಿತು. ಮ್ಯಾಜಿಸ್ಟ್ರೇಟರು, ಜೊತೆಗೆ ಸಮಾಜ ಕಾರ್ಯಕರ್ತರಿಬ್ಬರು. ಬುದ್ಧಿ ಹೇಳಿ ಮನೆಗೆ ಕಳಿಸಿದರು. ವಕೀಲನಾಗಿ ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ವರ್ಷಗಳು ಕಳೆದವು. ಐಟಿಐ ಮುಗಿಸಿದ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಪೊಲೀಸ್ ವೆರಿಫಿಕೇಷನ್ ಪತ್ರ ಕೊಡು ಅಂದರು. ಒಂದು ಸಂಜೆ ಅವನ ತಾಯಿ ಮಳೆಯಲ್ಲೇ ನಮ್ಮ ಮನೆಗೆ ಬಂದರು. "ವಕೀಲರೇ, ಕಳ್ಳತನದ ಕೇಸಿತ್ತು ಅಂತ ಬರೀತಾರಂತೆ" ಅಂದರು. ಒದ್ದೆ ಸೆರಗನ್ನು ಬಚ್ಚಲ ಒಲೆಯ ಬೆಂಕಿಗೆ ಹಿಡಿದು ನಿಂತರೇ ಹೊರತು ಕೂರಲಿಲ್ಲ.

ಮರುದಿನ ಠಾಣೆಗೆ ಹೋದೆ. ತಮಾಷೆ ನೋಡಿ, ಕಡತದಲ್ಲಿ ಏನೂ ಇರಲಿಲ್ಲ. ಇಂಥ ಸಣ್ಣ ಪ್ರಕರಣದಲ್ಲಿ ಮಕ್ಕಳ ಮೇಲೆ ಎಫ್‌ಐಆರ್ ಹಾಕುವಂತಿಲ್ಲ, ಠಾಣಾ ದಿನಚರಿಯಲ್ಲಿ ಬರೆದುಕೊಂಡರೆ ಸಾಕು ಎನ್ನುತ್ತದೆ 2016ರ ನಿಯಮ. ವಿಚಾರಣೆಗೆ ಹೋಗಿದ್ದ ಪೇದೆಗೆ ಹುಡುಗನ ಮುಖ ನೆನಪಿತ್ತು, ಅಷ್ಟೇ.

"ಇದ್ದದ್ದನ್ನ ಬರೆದರೆ ತಪ್ಪೇನು ಸ್ವಾಮಿ?" ಎಂದರು ಪೇದೆ. ಪ್ರಾಮಾಣಿಕ ಪ್ರಶ್ನೆ. ನಾನು 2015ರ ಬಾಲ ನ್ಯಾಯ ಕಾಯ್ದೆ ತೆರೆದು 74ನೇ ಕಲಮಿನ ಎರಡನೇ ಉಪಕಲಮಿಗೆ ಬೆರಳಿಟ್ಟೆ. ಪ್ರಕರಣ ಮುಗಿದಿದ್ದರೆ, ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಯಾವುದಕ್ಕಾಗಲಿ ಮಗುವಿನ ದಾಖಲೆಯನ್ನು ಪೊಲೀಸರು ಹೊರಗೆಡಹುವಂತಿಲ್ಲ. 24ನೇ ಕಲಮಿನ ಪ್ರಕಾರ ಆ ಹಳೆಯ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟುವುದಿಲ್ಲ. ಹದಿನಾರು ದಾಟಿ ಘೋರ ಅಪರಾಧ ಮಾಡಿ, ವಯಸ್ಕರಂತೆ ವಿಚಾರಣೆಗೆ ಒಳಗಾದವರಿಗೆ ಮಾತ್ರ ಈ ರಕ್ಷೆ ಇಲ್ಲ. ಸಿಐಎಸ್‌ಎಫ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಯ ವ್ಯಾಜ್ಯವೊಂದರಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬಾಲ್ಯದ ಕಳಂಕವನ್ನು ಬೆನ್ನಿಗೆ ಕಟ್ಟಬಾರದು ಎಂಬ ಧಾಟಿಯಲ್ಲೇ ತೀರ್ಪು ಕೊಟ್ಟಿತ್ತು.

ಇನ್‌ಸ್ಪೆಕ್ಟರು ಕನ್ನಡಕ ಏರಿಸಿ ಎರಡು ಸಲ ಓದಿದರು. ಪೇದೆಯ ಷರಾ ಹರಿದು ಹಾಕಿ ಹೊಸದು ಬರೆಸಿದರು. ಹುಡುಗ ಕೆಲಸಕ್ಕೆ ಸೇರಿದ.

ಎಲ್ಲ ಸರಿಹೋಯಿತು ಅನ್ನಿಸಬಹುದು. ನನಗೆ ಮಾತ್ರ ಅದೇ 74ನೇ ಕಲಮಿನ ಮೂರನೇ ಉಪಕಲಮು ಇವತ್ತಿಗೂ ಚುಚ್ಚುತ್ತದೆ. ಮಗುವಿನ ಹೆಸರು, ಫೋಟೋ ಪ್ರಕಟಿಸಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಆ ಶಿಕ್ಷೆ ಪ್ರಕಟಣೆಯನ್ನು ತಡೆಯುವ ಮೊದಲನೇ ಉಪಕಲಮು ಮೀರಿದವರಿಗಷ್ಟೇ. ಪತ್ರಿಕೆಯವರಿಗೆ ಜೈಲಿನ ಭಯವಿದೆ, ಠಾಣೆಗೆ ಬರಿಯ 'ಕೂಡದು' ಎಂಬ ಮಾತು. ಇದು ಕಾಯ್ದೆ ಬರೆದವರ ಸೋಮಾರಿತನ ಎಂದೇ ನನ್ನ ಅಭಿಪ್ರಾಯ.

ನಿಮ್ಮ ಕೇರಿಯಲ್ಲಿ ಇಂಥ ಹುಡುಗನಿದ್ದರೆ ಮಂಡಳಿಯ ಆದೇಶದ ನಕಲನ್ನು ಜೋಪಾನವಾಗಿ ಇಟ್ಟುಕೊಳ್ಳಲು ಅವನ ಮನೆಯವರಿಗೆ ಹೇಳಿ. ಠಾಣೆಗೆ ಹೋಗುವಾಗ 74(2) ಎಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿ.