ಬಂಗಾಳ ಕೊಲ್ಲಿಯ ಮಳೆ, ಬೇತಮಂಗಲದ ರಾಗಿ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಎದುರಿನ ಪ್ಲಾಟ್‌ಫಾರಂನಲ್ಲಿ ಬೆಂಗಳೂರಿಗೆ ಹೊರಟವರ ನೂಕುನುಗ್ಗಲು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳನ್ನು ಸಾಕಿದ್ದು ಈ ರೈಲುಗಳೇ. ಈಗ ಮಳೆಯನ್ನು ನಂಬಿ ಸೋತ ಹಳ್ಳಿಗಳ ಹುಡುಗರೂ ಅದೇ ಬೋಗಿಗಳಲ್ಲಿ ನಿಂತು ಹೋಗುತ್ತಾರೆ.

ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿತು. ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳ ಬೂದುಬಣ್ಣ ಕಣ್ಣಿಗೆ ರಾಚುತ್ತದೆ. ಬೇಸಿಗೆಯ ಗಾಳಿಗೆ ಆ ದಿಬ್ಬಗಳ ಪುಡಿ ಕಾರ್ಮಿಕರ ಲೈನು ಮನೆಗಳಿಗೆ ನುಗ್ಗುತ್ತದೆ.

ರಾಬರ್ಟ್‌ಸನ್‌ಪೇಟೆಯಿಂದ ಬಸ್ಸಿನಲ್ಲಿ ಬೇತಮಂಗಲಕ್ಕೆ ಬಂದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯ ಕೆರೆ ಇಲ್ಲಿದೆ. ಗಣಿ ಊರಿಗೆ ಕುಡಿಯುವ ನೀರು ಹೋಗುತ್ತಿದ್ದುದು ಇಲ್ಲಿಂದಲೇ. ಪಾಲಾರ್ ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತದೆ. ಕೋಲಾರದ ಹಿಂಗಾರೂ ಬಹುಪಾಲು ಆ ಕೊಲ್ಲಿಯ ಕೊಡುಗೆ. ಅಲ್ಲಿ ವಾಯುಭಾರ ಕುಸಿದು ತಮಿಳುನಾಡಿನ ಮೀನುಗಾರರು ದೋಣಿ ದಡಕ್ಕೆಳೆದಾಗ, ಇಲ್ಲಿ ರಾಗಿ ಕೊಯ್ದವರ ಎದೆಯೂ ಹೊಡೆದುಕೊಳ್ಳುತ್ತದೆ. ಕಡಲು ಬಿಸಿಯೇರಿದಷ್ಟೂ ಗಾಳಿಯಲ್ಲಿ ತೇವ ಹೆಚ್ಚುತ್ತದೆ. ಸುರಿದರೆ ಒಮ್ಮೆಲೇ ಸುರಿಯುತ್ತದೆ.

2021ರ ನವೆಂಬರ್‌ನಲ್ಲಿ ಆದದ್ದು ಅದೇ. ಬಹುಕಾಲದ ಮೇಲೆ ಕೆರೆ ಕೋಡಿ ಹರಿಯಿತು. ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸನ್ನು ಆ ವರ್ಷದ ಬಗ್ಗೆ ಕೇಳಿದೆ. ಕುಡುಗೋಲು ಕೆಳಗಿಟ್ಟು ಹೇಳಿದಳು: “ತೆನೆ ಹೊಲದಲ್ಲೇ ಮೊಳಕೆ ಬಂತಣ್ಣ. ಊರೆಲ್ಲ ಕೆರೆಗೆ ಬಾಗಿನ ಬಿಡ್ತು, ನಮ್ಮ ಕಣದಾಗೆ ರಾಗೀನೇ ಇರಲಿಲ್ಲ.”

ನಷ್ಟ ಕಾಳಿಗೇ ನಿಲ್ಲಲಿಲ್ಲ. ನೆನೆದು ಕಪ್ಪಾಗಿ ಬೂಸ್ಟು ಹಿಡಿದ ರಾಗಿಹುಲ್ಲನ್ನು ಹಸುಗಳು ಮೂಸಿ ಬಿಟ್ಟವು. ಮೇವು ಕೊಂಡು ತಂದರೂ ಹಾಲು ಇಳಿಯಿತು, ಡೇರಿಯ ಬಟವಾಡೆ ಕರಗಿತು. ಈ ಸೀಮೆಯಲ್ಲಿ ದಿನಸಿ, ಮಕ್ಕಳ ಫೀಜು, ಸಂಘದ ಕಂತು ಎಲ್ಲಕ್ಕೂ ಹೆಂಗಸರ ಕೈಯಲ್ಲಿರುವುದು ಆ ದುಡ್ಡು. ಬರಗಾಲವನ್ನು ತಾಳಿ ಬಂದ ಮನೆಗಳು ಕೊಯ್ಲಿನ ಮಳೆಗೆ ಹೀಗೆ ಸಾಲಕ್ಕೆ ಬೀಳುತ್ತವೆ. ನಾವು ಬರದ ಲೆಕ್ಕವನ್ನಷ್ಟೇ ಇಡುತ್ತ ಬಂದಿದ್ದೇವೆ; ಇದು ಸಲ್ಲದು.

ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಹಾಳಾದರೂ ಪರಿಹಾರ ಕೇಳಬಹುದು. ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ನಿಮ್ಮೂರಿನಲ್ಲಿ ರಾಗಿ ಬೆಳೆಯುವವರಿದ್ದರೆ, ವಿಮೆ ಕಟ್ಟುವ ಗಡುವು ಮುಗಿಯುವ ಮೊದಲೇ ಈ ಮಾತು ಅವರ ಕಿವಿಗೆ ಹಾಕಿ.