ಕಂಬಳಿ ಎಣಿಸಿದ ಅಪ್ಪ

ನಮ್ಮ ಬೈಲಹೊಂಗಲ ಕಡೆ ಮಿಲಿಟರಿಯಿಂದ ರಿಟೈರ್ ಆಗಿ ಬಂದವರನ್ನು ಹುಡುಗರು ಕೇಳುವ ಪ್ರಶ್ನೆ ಒಂದೇ: “ಎಷ್ಟ ಮಂದಿನ್ನ ಹೊಡದ್ರೀ?” ನಮ್ಮಪ್ಪ ನಗುತ್ತ, “ಹೊಡದಿಲ್ಲಪಾ, ಕಂಬಳಿ ಎಣಿಸೇನಿ” ಅನ್ನುತ್ತಿದ್ದರು. ಹುಡುಗರು ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗುತ್ತಿದ್ದರು.

ಅಪ್ಪ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ಪಲ್ಟನ್ನಿಗೆ ಒಬ್ಬ ಕ್ವಾರ್ಟರ್ ಮಾಸ್ಟರ್ ಅಧಿಕಾರಿ ಇರುತ್ತಾರೆ, ಕಂಪನಿಗೊಬ್ಬರು ಇಂಥ ಹವಾಲ್ದಾರರು. ಬೂಟು, ಡೇರೆ, ಕಂಬಳಿ, ಲಂಗರಿನ ಹಿಟ್ಟು, ಬೇಳೆ ಎಲ್ಲದಕ್ಕೂ ಲೆಡ್ಜರಿನಲ್ಲಿ ಲೆಕ್ಕ. ಹರಿದ ಕಂಬಳಿಯನ್ನೂ ಎಸೆಯುವಂತಿಲ್ಲ. ಅಧಿಕಾರಿಗಳ ಬೋರ್ಡು ಅದನ್ನು ನೋಡಿ ರದ್ದು ಮಾಡಿದ ಮೇಲೇ ಲೆಕ್ಕದಿಂದ ಇಳಿಸಬೇಕು.

ಈ ಲೆಕ್ಕ ನಮ್ಮ ಮನೆಯಲ್ಲಿ ಜಗಳ ತಂದಿತು. ರಾಮದುರ್ಗದ ಸೋದರತ್ತೆ, “ಯಣ್ಣಾ, ಬರೂಮುಂದ ನನಗೊಂದ ಮಿಲಿಟರಿ ಕಂಬಳಿ ತಾ” ಅಂದಿದ್ದರು. ಅಪ್ಪ ಪೇಟೆಯಲ್ಲಿ ರೊಕ್ಕ ಕೊಟ್ಟು ಬೇರೆ ಕಂಬಳಿ ತಂದರು. ಅತ್ತೆ ಅದನ್ನು ಮುಟ್ಟಲಿಲ್ಲ. “ಸರಕಾರದ್ದು ಸಾವಿರ ಇರ್ತಾವ. ಒಂದ ಹೋದ್ರ ಏನಾಗತಿತ್ತು?” ಅಂದರು. ಅವ್ವನೂ ಅವರ ಕಡೆಯೇ. ಅಪ್ಪ ಹೇಳಿದ್ದಿಷ್ಟೇ: “ಥಂಡ್ಯಾಗ ಸಾಲಿನ ಕಡೀಗ ನಿಂತಾಂವಗ ಆ ಒಂದ ಕಡಿಮಿ ಬೀಳತೈತಿ.” ಎರಡು ವರ್ಷ ಅಣ್ಣ-ತಂಗಿಗೆ ಮಾತಿರಲಿಲ್ಲ. ಕಡೆಗೆ ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಗಂಟು ಬಿಚ್ಚಿದಾಗ ಮಾತು ಶುರುವಾಯಿತು. ಮೂರು ದಿನದ ಬುತ್ತಿ ಒಂದು ರೊಟ್ಟಿಯೂ ಕಡಿಮೆ ಬೀಳದಂತೆ ಕಟ್ಟಿದ್ದ ಅವ್ವನನ್ನು ನೋಡಿ ಅಪ್ಪ, “ಈಕಿನೂ ಕ್ವಾರ್ಟರ್ ಮಾಸ್ಟರ್ ನೋಡವಾ” ಅಂದರು.

ಒಮ್ಮೆ ನಮ್ಮನ್ನು ಕಿತ್ತೂರು ಕೋಟೆಗೆ ಕರೆದೊಯ್ದಿದ್ದರು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು ಇಲ್ಲಿಯೇ. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದರು, ಕೋಟೆ ಸೋತಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು. ಒಳಗಿನ ದ್ರೋಹಿಗಳು ಸಿಡಿಮದ್ದಿಗೆ ಸಗಣಿ ಬೆರೆಸಿದ್ದರೆಂಬ ಕಥೆ ನಮ್ಮ ಕಡೆ ಅಜ್ಜಿಯರ ಬಾಯಲ್ಲೇ ಬಂದಿದೆ. ನಾವು ಆನೆ, ಕುದುರೆ, ಖಡ್ಗ ಅಂತ ಗದ್ದಲ ಹಾಕುವಾಗ ಅಪ್ಪ ಬಿದ್ದ ಗೋಡೆಗಳ ನಡುವೆ ನಿಂತು, “ಮದ್ದಿನ ಕ್ವಾಣ್ಯಾಗ ಒಬ್ಬ ನೆಟ್ಟಗಿನ ಮನಶ್ಯಾ ಇರಬೇಕಿತ್ತ” ಅಂದದ್ದು ನನಗೆ ಇನ್ನೂ ನೆನಪಿದೆ.

ದೊಡ್ಡ ದೊಡ್ಡ ಸೇನಾಪತಿಗಳೂ ಈ ಪಾಠ ಕಲಿತದ್ದು ನಮ್ಮ ನಾಡಿನಲ್ಲೇ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಆದರೆ ಎತ್ತುಗಳು ಸತ್ತಿದ್ದವು, ಕಾಳು ಮುಗಿದಿತ್ತು. ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ಹಿಂತಿರುಗಿದ. ಮುಂದಿನ ವರ್ಷ ಅವನು ಮತ್ತೆ ಬಂದಾಗ ಸೈನ್ಯದ ಹೊಟ್ಟೆ ತುಂಬಿಸಿದವರಲ್ಲಿ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬಂದ ಬಂಜಾರರೂ ಇದ್ದರು. ಯುದ್ಧದ ಚಿತ್ರಗಳಲ್ಲಿ ಅವರ ಮುಖ ಕಾಣುವುದು ಅಪರೂಪ.

ಅಪ್ಪ ತೀರಿಕೊಂಡ ಮೇಲೆ ಟ್ರಂಕು ತೆಗೆದೆವು. ಪದಕಗಳ ಕೆಳಗೆ ಮಡಚಿದ ಒಂದು ಕಾಗದವಿತ್ತು. ನಿವೃತ್ತಿಯ ಮುಂಚೆ ಸ್ಟೋರಿನ ಚಾರ್ಜು ಒಪ್ಪಿಸಿದ್ದಕ್ಕೆ ಕೊಟ್ಟದ್ದು. ಸಾಮಾನಿನ ಸಾಲುಸಾಲು ಲೆಕ್ಕದ ಕೊನೆಗೆ ‘ಕೊರತೆ ಇಲ್ಲ’ ಎಂದು ಬರೆದು ಸಹಿ ಮಾಡಿದ್ದರು. ರಾಮದುರ್ಗದ ಅತ್ತೆ ನನ್ನ ಕೈಲಿ ಅದನ್ನು ಎರಡು ಸಲ ಓದಿಸಿದರು. “ಕಂಬಳಿ ಎಷ್ಟ ಬರದಾರ?” ಅಂತ ಕೇಳಿದರು. ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, “ಅದರಾಗ ನಂದೂ ಒಂದ ಐತಿ” ಅಂದರು.