ಅಂಟಿದ್ದನ್ನು ನೋಯಿಸದೆ ಬಿಡಿಸುವುದು

ಉಂಗುರದಲ್ಲೋ ಓಲೆಯಲ್ಲೋ ಕೂತ ಹರಳನ್ನು ನೋಡಿ ನಾವೆಲ್ಲ "ಎಷ್ಟು ಚೆನ್ನಾಗಿ ಹೊಳೆಯುತ್ತಿದೆ!" ಎನ್ನುತ್ತೇವೆ. ಅದನ್ನು ಕತ್ತರಿಸಿದ ಕೈಯನ್ನು ನೆನೆಯುವವರು ಕೆಲವರಾದರೂ ಇದ್ದಾರು. ಆದರೆ ಹೊಳಪು ಬರುವವರೆಗೂ ಆ ಹರಳು ಒಂದು ಸಣ್ಣ ಕಡ್ಡಿಯ ತುದಿಗೆ ಅಂಟಿಕೊಂಡಿತ್ತು, ಕೊನೆಗೆ ಯಾರೋ ಉಸಿರು ಬಿಗಿಹಿಡಿದು ಅದನ್ನು ಬಿಡಿಸಿದರು ಎಂಬುದು ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ. ಆ ಬಿಡಿಸುವ ಕೆಲಸದ ಬಗ್ಗೆ ನಾಲ್ಕು ಮಾತು ಹಂಚಿಕೊಳ್ಳೋಣ ಎಂದು ಇದನ್ನು ಬರೆಯುತ್ತಿದ್ದೇವೆ.

ನಾವು ಗಂಡ ಹೆಂಡತಿ ಇರುವುದು ತಮಿಳುನಾಡಿನ ದಿಂಡಿಗಲ್‌ನಲ್ಲಿ. ನಮ್ಮ ಹಿರಿಯರ ನೆಲೆ ತೇನಿ ಜಿಲ್ಲೆಯ ಕಂಬಂ ಕಣಿವೆ. ಮುಲ್ಲಪೆರಿಯಾರ್ ನೀರು ಹರಿಯುವ ಆ ಕಣಿವೆಯಲ್ಲಿ, ದ್ರಾಕ್ಷಿ ಚಪ್ಪರಗಳ ನಡುವೆ, ಹಲವು ತಲೆಮಾರುಗಳಿಂದ ಕನ್ನಡ ಮಾತನಾಡುವ ಕುಟುಂಬಗಳಿವೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಕಲಿತದ್ದು ಮಾತ್ರ ನಾವು ದೊಡ್ಡವರಾದ ಮೇಲೆ, ಕೆಲವು ವರ್ಷ ಬೆಂಗಳೂರಿನಲ್ಲಿ ಇದ್ದಾಗ. ಹರಳು ಕತ್ತರಿಸುವ ಕೆಲಸ ಕಲಿತದ್ದು ಅದಕ್ಕೂ ಮೊದಲು, ನೆರೆಯ ತಿರುಚ್ಚಿಯಲ್ಲಿ.

ತಿರುಚ್ಚಿ ಕೃತಕ ಹರಳುಗಳಿಗೆ ಹೆಸರಾದ ಊರು. ನಮ್ಮಲ್ಲಿ ಜನ 'ಅಮೆರಿಕನ್ ಡೈಮಂಡ್' ಎಂದು ಕರೆಯುವ ಕ್ಯೂಬಿಕ್ ಜಿರ್ಕೋನಿಯಾ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಮೊದಲೇ ಅಲ್ಲಿ ಕೃತಕ ಮಾಣಿಕ್ಯದಂಥ ಕಲ್ಲುಗಳನ್ನು ಕತ್ತರಿಸುತ್ತಿದ್ದರು. ದೊಡ್ಡ ಕಾರ್ಖಾನೆಗಳಿಗಿಂತ ಮನೆಯ ಜಗುಲಿಗಳಲ್ಲಿ, ಸಣ್ಣ ಕೊಠಡಿಗಳಲ್ಲಿ ತಿರುಗುವ ಚಕ್ರಗಳೇ ಹೆಚ್ಚು. ಗಂಡಸರು, ಹೆಂಗಸರು ಸಾಲಾಗಿ ಕೂತು, ಕೈಯಲ್ಲಿ ಕಡ್ಡಿ ಹಿಡಿದು, ಅದರ ತುದಿಯ ಕಲ್ಲನ್ನು ಚಕ್ರಕ್ಕೆ ತಾಗಿಸುತ್ತಾ ಒಂದೊಂದೇ ಮುಖ ಬಿಡಿಸುತ್ತಿದ್ದರು.

ಈ ಕಡ್ಡಿಗೇ ಡಾಪ್ ಕಡ್ಡಿ ಎಂದು ಹೆಸರು. ಅಕ್ಕಿ ಕಾಳಿನಷ್ಟು ಸಣ್ಣ ಕಲ್ಲನ್ನು ಬೆರಳಿನಿಂದ ಹಿಡಿದು ಉಜ್ಜಲು ಆಗುವುದಿಲ್ಲವಲ್ಲ? ಆದ್ದರಿಂದ ಅದನ್ನು ಮರದ ಅಥವಾ ಲೋಹದ ಕಡ್ಡಿಗೆ ಅಂಟಿಸುತ್ತಾರೆ. ಅಂಟು ಗಟ್ಟಿಯಾಗಿರಬೇಕು. ಉಜ್ಜುವಾಗ ಕಲ್ಲು ಕೂದಲೆಳೆಯಷ್ಟು ಜರುಗಿದರೂ ಮುಖಗಳು ಒಂದಕ್ಕೊಂದು ಕೂಡುವುದಿಲ್ಲ. ಹಾಗೆಂದು ಎಂದೆಂದಿಗೂ ಬಿಡದ ಅಂಟೂ ಬೇಡ. ಕೆಲಸ ಮುಗಿದಾಗ ಅದು ಕಲ್ಲನ್ನು ನೋಯಿಸದೆ ಬಿಟ್ಟುಕೊಡಬೇಕು.

ನಮ್ಮಲ್ಲೊಬ್ಬರು ಎಳೆಯ ವಯಸ್ಸಿನಲ್ಲಿ ಕೂಲಿಗೆ ಕೂತ ಕೊಠಡಿಯಲ್ಲಿ ಒಂದು ನಿಯಮವಿತ್ತು: ಎಷ್ಟು ಹರಳು ಒಪ್ಪಿಸಿದರೆ ಅಷ್ಟಕ್ಕೆ ಕೂಲಿ, ಒಡೆದದ್ದಕ್ಕೆ ಇಲ್ಲ. ಚಕ್ರದ ಮೇಲೆ ಒಡೆಯುವ ಕಲ್ಲು ಕಡಿಮೆ. ಒಡೆಯುತ್ತಿದ್ದದ್ದು ಹೆಚ್ಚಾಗಿ ಸಂಜೆ, ಕಡ್ಡಿಯಿಂದ ಬಿಡಿಸುವಾಗ. ದಿನವಿಡೀ ಬೆನ್ನು ಬಗ್ಗಿಸಿ ಮಾಡಿದ್ದು ಕೊನೆಯ ಅರ್ಧ ನಿಮಿಷದಲ್ಲಿ ಕೈತಪ್ಪಿದರೆ, ಮನೆಗೆ ಒಯ್ಯಬೇಕಾದ ಅಕ್ಕಿಯ ಅಳತೆಯೂ ಇಳಿಯುತ್ತಿತ್ತು. ಬಸ್ಸು ತಪ್ಪುತ್ತದೆ ಎಂಬ ಅವಸರದಲ್ಲಿ ಪಕ್ಕದವರೊಬ್ಬರು ಬಿಸಿ ಕಲ್ಲುಗಳನ್ನು ತಣ್ಣೀರಿನ ಬಟ್ಟಲಿಗೆ ಹಾಕಿದ್ದು, ಅವು ಚಟ್ ಎಂದು ಸೀಳಿದ್ದು, ಆ ತಾಯಿ ಒಂದೂ ಮಾತಾಡದೆ ಸೆರಗು ಕೊಡವಿ ಎದ್ದು ಹೋದದ್ದು ನಮ್ಮ ಮನೆಯಲ್ಲಿ ಇಂದಿಗೂ ಮಾತಿಗೆ ಬರುತ್ತದೆ.

ಹಾಗಾದರೆ ಸರಿಯಾಗಿ ಬಿಡಿಸುವುದು ಹೇಗೆ? ಮೊದಲು ಕೇಳಬೇಕಾದ ಪ್ರಶ್ನೆ ಎರಡೇ. ಈ ಅಂಟು ಯಾವುದು? ಈ ಕಲ್ಲು ಯಾವುದು?

ಹಳೆಯ ಕಾಲದಿಂದ ಬಂದ ಅಂಟು ಅರಗು. ಮುತ್ತುಗದಂಥ ಮರಗಳ ಕೊಂಬೆಯ ಮೇಲೆ ಒಂದು ಸಣ್ಣ ಕೀಟ ಸುರಿಸುವ ರಾಳ ಅದು. ನಮ್ಮ ಚನ್ನಪಟ್ಟಣದ ಬೊಂಬೆಗಳ ಮೇಲೆ ಮಿರುಗುವುದೂ ಇದೇ ಅರಗು. ನೀರು ಕುದಿಯುವ ಶಾಖಕ್ಕೆ ಮೊದಲೇ ಇದು ಮೆತ್ತಗಾಗುತ್ತದೆ. ಆದ್ದರಿಂದ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕಾದದ್ದು ಕಡ್ಡಿಯನ್ನು, ಕಲ್ಲನ್ನಲ್ಲ. ಲೋಹದ ಕಡ್ಡಿಯಾದರೆ ಶಾಖ ತಾನೇ ನಿಧಾನವಾಗಿ ತುದಿಗೆ ಏರಿ ಅರಗನ್ನು ಸಡಿಲಿಸುತ್ತದೆ. ಮರದ ಕಡ್ಡಿಯಾದರೆ ಅರಗಿನ ಭಾಗವನ್ನು ಜ್ವಾಲೆಯಿಂದ ದೂರ ಹಿಡಿದು ತಿರುಗಿಸುತ್ತಾ ಬೆಚ್ಚಗೆ ಮಾಡಬೇಕು. ಬಿಟ್ಟ ಕಲ್ಲನ್ನು ಮಡಿಸಿದ ಒಣ ಬಟ್ಟೆಯ ಮೇಲೆ ಇಟ್ಟು ತಾನಾಗಿ ತಣಿಯಲು ಬಿಡಬೇಕು. ತಣ್ಣನೆಯ ಕಲ್ಲುಹಾಸಿನ ಮೇಲೂ ಬೇಡ, ನೀರಿಗಂತೂ ಬೇಡವೇ ಬೇಡ. ಕ್ಯೂಬಿಕ್ ಜಿರ್ಕೋನಿಯಾ ಗಟ್ಟಿ ಕಲ್ಲೇ ಹೌದು, ಆದರೆ ಅದರೊಳಗೆ ಶಾಖ ಬೇಗ ಹರಿಯುವುದಿಲ್ಲ. ಹೊರಗೆ ತಣ್ಣಗೆ, ಒಳಗೆ ಬಿಸಿ ಎಂದಾದಾಗ ಅದು ಸೀಳುತ್ತದೆ. ಉಳಿದ ಅರಗನ್ನು ಚಾಕುವಿನಿಂದ ಕೆರೆಯಬಾರದು. ಸ್ಪಿರಿಟ್‌ನಲ್ಲಿ ನೆನೆಸಿಟ್ಟರೆ ಅದು ಕರಗಿ ಹೋಗುತ್ತದೆ.

ಶಾಖ ತಾಳದ ಕಲ್ಲಿಗೆ ತಂಪಿನ ದಾರಿಯೂ ಇದೆ. ಅರಗು ಅಥವಾ ಮೇಣದಿಂದ ಅಂಟಿಸಿದ ಕಡ್ಡಿಯನ್ನು ಒಂದು ಚೀಲದಲ್ಲಿ ಸುತ್ತಿ ಮೊದಲು ಫ್ರಿಜ್‌ನಲ್ಲಿ, ಆಮೇಲೆ ಅದರ ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಟ್ಟರೆ, ಲೋಹ, ಅಂಟು, ಕಲ್ಲು ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಅಂಟು ಪೆಡಸಾಗುತ್ತದೆ. ಹೊರಗೆ ತೆಗೆದು ಬೆರಳಿನಿಂದ ಮೆಲ್ಲಗೆ ತಿರುವಿದರೆ ಸಾಕು, ಕಲ್ಲು ಕಳಚಿ ಬರುತ್ತದೆ. ಬಾರದಿದ್ದರೆ ಮತ್ತೆ ಒಳಗಿಡಬೇಕು, ಬಲ ಹಾಕಬಾರದು.

ಈಗಿನ ಅಂಟುಗಳ ಕಥೆ ಬೇರೆ. ನಮ್ಮ ಮನೆಗಳಲ್ಲೆಲ್ಲ ಇರುವ ಫೆವಿಕ್ವಿಕ್‌ನಂಥ ಅಂಟು ಸಯನೋಅಕ್ರಿಲೇಟ್ ಜಾತಿಯದು. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಬೇಸರಪಟ್ಟು ಅವರು ಅದನ್ನು ಬದಿಗಿಟ್ಟರು. ಅದೇ ಗುಣಕ್ಕಾಗಿ 1958ರಲ್ಲಿ ಅದು ಅಂಗಡಿಗೆ ಬಂತು. ಇದನ್ನೂ ಅರಾಲ್ಡೈಟ್‌ನಂಥ ಎಪಾಕ್ಸಿ ಅಂಟನ್ನೂ ಬಿಡಿಸಲು ಅಸಿಟೋನ್ ಬೇಕು. ಉಗುರಿನ ಬಣ್ಣ ತೆಗೆಯುವ ಹಲವು ದ್ರವಗಳಲ್ಲಿ ಇರುವುದು ಇದೇ. ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ಕಡ್ಡಿಯ ತುದಿ ಮುಳುಗುವಂತೆ ಇಟ್ಟರೆ ಫೆವಿಕ್ವಿಕ್ ಜಾತಿಯದು ಕೆಲವು ಗಂಟೆಗಳಲ್ಲಿ ಅಥವಾ ಒಂದು ರಾತ್ರಿಯಲ್ಲಿ ಬಿಡುತ್ತದೆ. ಎಪಾಕ್ಸಿ ಕರಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ, ಒಂದು ದಿನಕ್ಕಿಂತ ಹೆಚ್ಚೂ ಬೇಕಾಗಬಹುದು.

ಇಲ್ಲಿ ಎರಡನೆಯ ಪ್ರಶ್ನೆ ಎದ್ದು ನಿಲ್ಲುತ್ತದೆ. ಪಚ್ಚೆ ಕಲ್ಲಿನ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಅಸಿಟೋನ್ ಅದನ್ನು ಹೊರಗೆಳೆದು ಬಿರುಕುಗಳು ಎದ್ದು ಕಾಣುವಂತೆ ಮಾಡುತ್ತದೆ. ಅಂಬರ್ ಮರದ ರಾಳವಾದ್ದರಿಂದ ಅದರ ಮೈಯೇ ಮಂಕಾಗುತ್ತದೆ. ಎರಡು ಪದರ ಅಂಟಿಸಿ ಮಾಡಿದ ಹರಳು ಕಡ್ಡಿಯನ್ನು ಬಿಡುವ ಬದಲು ತಾನೇ ಎರಡಾಗಬಹುದು. ಅದೇ ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯವಾದರೆ, ಎಣ್ಣೆ ತುಂಬಿಸದೆ ಇದ್ದ ಪಕ್ಷದಲ್ಲಿ, ಅಸಿಟೋನ್‌ಗೆ ಜಗ್ಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಅಜ್ಜಿಯ ಉಂಗುರದ ಚಂದ್ರಕಾಂತ ಶಿಲೆಯನ್ನು ನಮ್ಮಲ್ಲಿಗೆ ತಂದಳು. ಕಾಂಗೇಯಂ ಕಡೆ ಸಿಗುವ ಜಾತಿಯದು. ಅಜ್ಜಿ ಪಾತ್ರೆ ತೊಳೆದು ತೊಳೆದು ಅದರ ಮೈ ಸವೆದು ಮಸುಕಾಗಿತ್ತು. ಬೆಲೆಯೇನೂ ದೊಡ್ಡದಲ್ಲ, ಆದರೆ ಅಜ್ಜಿಯ ನೆನಪಿಗೆ ಆ ಮನೆಯಲ್ಲಿ ಉಳಿದದ್ದು ಅದೊಂದೇ. ಚಂದ್ರಕಾಂತ ಶಿಲೆಗೆ ಎರಡು ದಿಕ್ಕಿನಲ್ಲಿ ಸುಲಭವಾಗಿ ಸೀಳುವ ಗುಣವಿದೆ, ಹಠಾತ್ ಶಾಖ ಅದಕ್ಕೆ ಆಗದು. ಆದ್ದರಿಂದ ಬಿಸಿಯಿಲ್ಲದೆ ಫೆವಿಕ್ವಿಕ್‌ನಿಂದ ಅಂಟಿಸಿ, ಹೊಳಪು ಕೊಟ್ಟು, ಅಸಿಟೋನ್‌ನಲ್ಲಿ ಇಟ್ಟೆವು. ಸಂಜೆ ಬಂದವಳಿಗೆ "ನಾಳೆ ಬಾರಮ್ಮ" ಎಂದೆವು. "ಅಂಟಿಸಿದ್ದು ಹತ್ತು ನಿಮಿಷ, ಬಿಡಿಸಲು ಒಂದು ದಿನವೇ?" ಎಂದು ಆಕೆ ಮುಖ ಸಣ್ಣದು ಮಾಡಿದಳು. ಮರುದಿನ ಬೆಳಿಗ್ಗೆ ಸೀಸೆ ತೆಗೆದಾಗ ಕಲ್ಲು ತಾನಾಗಿ ಕಳಚಿ ತಳದಲ್ಲಿ ಮಲಗಿತ್ತು. ಅಂಗೈ ಮೇಲೆ ಇಟ್ಟುಕೊಂಡ ಆಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಅವಳ ಪ್ರಶ್ನೆ ಮಾತ್ರ ಸರಿಯಾದದ್ದೇ. ನಮ್ಮ ದಿಂಡಿಗಲ್ ಬೀಗಕ್ಕೆ ಹೆಸರಾದ ಊರು, 2019ರಲ್ಲಿ ಆ ಬೀಗಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬೀಗ ಕೀಲಿಗೆ ತೆರೆಯುತ್ತದೆ, ಸುತ್ತಿಗೆಗೆ ಒಡೆಯುತ್ತದೆ. ಅಂಟಿಗೂ ಹಾಗೆಯೇ ಅದರದರ ಕೀಲಿ ಇದೆ: ಒಂದಕ್ಕೆ ಶಾಖ, ಒಂದಕ್ಕೆ ತಂಪು, ಒಂದಕ್ಕೆ ನೆನೆಯುವ ಸಮಯ.

ಈ ಕೆಲಸದಲ್ಲಿ ಇನ್ನೊಂದು ಘಟ್ಟವಿದೆ, ನಮಗೆ ಅದರಿಂದ ಬದುಕಿನ ಪಾಠವೇ ಸಿಕ್ಕಿತು. ಹರಳಿನ ಒಂದು ಬದಿ ಮುಗಿದ ಮೇಲೆ ಅದನ್ನು ತಿರುಗಿಸಿ ಇನ್ನೊಂದು ಕಡ್ಡಿಗೆ ದಾಟಿಸಬೇಕು. ಆಗ ಮೊದಲ ಕಡ್ಡಿಯನ್ನು ತೆಗೆದು ಎರಡನೆಯದಕ್ಕೆ ಅಂಟಿಸುವುದಿಲ್ಲ. ಎರಡು ಕಡ್ಡಿಗಳನ್ನೂ ಎದುರುಬದುರು ಒಂದೇ ಗೆರೆಯಲ್ಲಿ ಕೂರಿಸಿ, ಎರಡನೆಯದನ್ನು ಅಂಟಿಸಿ, ಅದು ಪೂರ್ತಿ ಗಟ್ಟಿಯಾದ ಮೇಲಷ್ಟೇ ಮೊದಲನೆಯದನ್ನು ಬಿಡಿಸುತ್ತಾರೆ. ಎರಡಕ್ಕೂ ಬೇರೆ ಬೇರೆ ಅಂಟು ಬಳಸಿದರೆ ಒಂದು ಬಿಡುವಾಗ ಇನ್ನೊಂದು ಹಿಡಿದಿರುತ್ತದೆ. ನಡುವೆ ಒಂದು ಕ್ಷಣವೂ ಕಲ್ಲು ಆಸರೆಯಿಲ್ಲದೆ ಇರುವುದಿಲ್ಲ.

ಚೀನಾದಿಂದ ಯಂತ್ರದಲ್ಲಿ ಕತ್ತರಿಸಿದ ಅಗ್ಗದ ಹರಳುಗಳು ಬರತೊಡಗಿದಾಗ ತಿರುಚ್ಚಿಯ ಮನೆಗಳ ಚಕ್ರಗಳು ಒಂದೊಂದಾಗಿ ನಿಂತವು. ನಮ್ಮ ಜೊತೆ ಕೂತಿದ್ದ ಹಲವರಿಗೆ ಕೈಯಲ್ಲಿದ್ದ ಕೆಲಸ ಬಿಟ್ಟುಹೋಯಿತು, ಬೇರೊಂದು ಹಿಡಿದುಕೊಳ್ಳಲು ಸಮಯ ಸಿಗಲಿಲ್ಲ. ನಲವತ್ತು ದಾಟಿದ ಮೇಲೆ, ಸೂಕ್ಷ್ಮ ಕೆಲಸದಲ್ಲಿ ದಣಿದ ಕಣ್ಣುಗಳೊಂದಿಗೆ, ಹೊಸದಾಗಿ ಏನು ಕಲಿಯುವುದು? ನಾವು ಕೂಲಿಯ ಕೆಲಸ ಇದ್ದಾಗಲೇ ರಾತ್ರಿ ಹೊತ್ತು ಹಳೆಯ ಆಭರಣಗಳ ಕಲ್ಲು ಸರಿಪಡಿಸುವುದನ್ನು ಹಚ್ಚಿಕೊಂಡಿದ್ದರಿಂದ ನಿಂತೆವು. ಅದು ನಮ್ಮ ಜಾಣತನವಲ್ಲ, ಮನೆಯ ಹಿರಿಯರೊಬ್ಬರ ಒತ್ತಾಯ. ಮಗಳು ನರ್ಸಿಂಗ್ ಓದಲು ಬೆಂಗಳೂರಿಗೆ ಹೊರಟಾಗಲೂ ಇದೇ ನೆನಪಾಯಿತು. ಅಲ್ಲಿ ಅವಳನ್ನು ವಿಚಾರಿಸುವ ಒಂದು ಮನೆ, ಮಾತಾಡಲು ಒಬ್ಬ ಗೆಳತಿ ಸಿಗುವವರೆಗೆ ನಾವು ವಾರ ವಾರ ಹೋಗಿ ಬಂದೆವು. ಆಮೇಲೆ ಹೋಗುವುದನ್ನು ಕಡಿಮೆ ಮಾಡಿದೆವು. ಆ ಕಡಿಮೆ ಮಾಡುವುದೇ ಹೆಚ್ಚು ಕಷ್ಟವಾಗಿತ್ತು.

ಕೊನೆಯದಾಗಿ, ಮನೆಯಲ್ಲಿ ಇಂಥ ವಸ್ತು ಇಟ್ಟುಕೊಳ್ಳುವವರಿಗೆ ಕೆಲವು ಮಾತು. ಅಸಿಟೋನ್ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯನ್ನೂ ದೀಪವನ್ನೂ ತಲುಪಬಲ್ಲದು. ಅದನ್ನು ಎಂದೂ ಕಾಯಿಸಬೇಡಿ, ಅಡುಗೆಮನೆಯಲ್ಲಿ ತೆರೆಯಬೇಡಿ, ಫ್ರಿಜ್‌ನಲ್ಲಿ ಇಡಬೇಡಿ. ಕಿಟಕಿ ತೆರೆದಿಡಿ, ಸೀಸೆಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಫೆವಿಕ್ವಿಕ್‌ನಿಂದ ಮಗುವಿನ ಬೆರಳುಗಳು ಅಂಟಿಕೊಂಡರೆ ಗಾಬರಿಯಿಂದ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸುತ್ತಾ ಬಿಡಿಸಿ. ಕಣ್ಣಿಗೆ ತಾಗಿದ್ದರೆ ನೀವಾಗಿ ಏನೂ ಬಿಡಿಸಲು ಹೋಗದೆ ನೀರಿನಿಂದ ತೊಳೆದು ತಕ್ಷಣ ವೈದ್ಯರ ಬಳಿ ಹೋಗಿ.

ನಿಮ್ಮ ಮನೆಯ ಹಳೆಯ ಉಂಗುರದ ಕಲ್ಲು ಮಸುಕಾಗಿದ್ದರೆ, ಬಲ್ಲವರ ಕೈಗೆ ಕೊಡಿ. ಅವರು "ನಾಳೆ ಬನ್ನಿ" ಎಂದರೆ ಬೇಸರಿಸಬೇಡಿ. ಆ ಒಂದು ದಿನ ಕಲ್ಲಿಗೆ ಬೇಕಾದದ್ದು.